ಮೊದಲೇ ಗುಡಿಸಿ ಹೋಗುವವರು

ನಮ್ಮ ಮನೆಯ ಮರದ ಮೆಟ್ಟಿಲುಗಳಲ್ಲಿ ಕೆಳಗಿನಿಂದ ಏಳನೆಯದು ಕಿರುಗುಟ್ಟುತ್ತದೆ. ನನ್ನ ಗಂಡ ಎರಡು ಸಲ ಮೊಳೆ ಹೊಡೆದು ನೋಡಿದ, ಒಮ್ಮೆ ಬಡಗಿಯನ್ನೇ ಕರೆಸಿ ಹಲಗೆ ಬಿಚ್ಚಿಸಿದ. ಅದು ತನ್ನ ಹಠ ಬಿಡಲಿಲ್ಲ. ಅದರ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಐವತ್ತು ವರ್ಷ ಕೂತವಳು ನಾನು. ಹತ್ತಿದವರು ಯಾರು, ಇಳಿದವರು ಯಾರು, ಯಾರ ಕೈಯಲ್ಲಿ ಹೊರೆಯಿದೆ, ಯಾರ ಮನಸ್ಸಿನಲ್ಲಿ ಸಿಟ್ಟಿದೆ ಎಂಬುದನ್ನೆಲ್ಲ ತಲೆಯೆತ್ತದೆ ಆ ಒಂದು ಶಬ್ದದಿಂದಲೇ ಹೇಳಬಲ್ಲೆ. ಅಂಚೆಯವನಿಗೆ ಅದು ಚುಟುಕಾಗಿ ಕೆಮ್ಮುತ್ತದೆ. ಮೊದಲ ಮಹಡಿಯ ಮನೆಯಾಕೆ ಫ್ರಾವ್ ಬಿಟ್ಸರ್ ಅವರಿಗೆ ಉದ್ದಕ್ಕೆ ರಾಗ ಎಳೆಯುತ್ತದೆ. ಅದು ಬಾಯಿ ಮುಚ್ಚಿಕೊಂಡದ್ದು ಒಬ್ಬರೇ ಒಬ್ಬರಿಗೆ.

ಅವರನ್ನು ನಾನು ಮೊದಲು ಕಂಡದ್ದು ಅಕ್ಟೋಬರಿನ ಒಂದು ಮಂಗಳವಾರ, ಮಧ್ಯಾಹ್ನ ಮೂರು ಗಂಟೆಗೆ. ಸಿಪಾಯಿಯೊಬ್ಬನ ಪ್ಯಾಂಟಿನ ಅಂಚು ಮಡಚುತ್ತಿದ್ದೆ. ಬೆಳಕು ಕಡಿಮೆಯಾಯಿತೆಂದು ತಲೆಯೆತ್ತಿದರೆ ಬಾಗಿಲ ತುಂಬ ಒಬ್ಬ ಆಳು.

"ಮೋಯ್ನ್," ಅಂದರು. ಅದು ಉತ್ತರದ ಕಡಲ ಕರೆಯವರ ನಮಸ್ಕಾರ. ಬೆಳಗಾಗಲಿ ಸಂಜೆಯಾಗಲಿ ಅವರಿಗೆ ಅದೊಂದೇ.

"ಯಾರಪ್ಪಾ ನೀವು?"

"ಮೇಲಿನ ಮನೆಯವನು. ಲ್ಯೂಡರ್ಸ್. ಬೆಳಿಗ್ಗೆ ಬಂದೆ."

"ಸಾಮಾನು ಯಾವಾಗ ಬರುತ್ತೆ?"

"ಆಗಲೇ ಹತ್ತಿಸಿದೆ. ಆರು ಪೆಟ್ಟಿಗೆ."

ನನ್ನ ಕೈಯ ಸೂಜಿ ನಿಂತಿತು. ಆರು ಪೆಟ್ಟಿಗೆ ನನ್ನ ಕಿವಿಯ ಪಕ್ಕದಲ್ಲೇ ಮೇಲಕ್ಕೆ ಹೋಗಿವೆ, ಹೊತ್ತ ಮನುಷ್ಯ ಆರಡಿಗೂ ಮೇಲಿದ್ದಾರೆ, ಏಳನೆಯ ಮೆಟ್ಟಿಲು ನನಗೊಂದು ಮಾತು ಹೇಳಿಲ್ಲ. ಆ ಕ್ಷಣವೇ ತಿಳಿಯಿತು, ಇವರು ಗುಡ್ಡದವರು.

ಜರ್ಮನಿಯ ದಕ್ಷಿಣ ಮೂಲೆಯ ಈ ಕಾಡಿನ ಕಣಿವೆಯಲ್ಲಿ ನಮ್ಮ ಊರಾಚೆಯ ಗುಡ್ಡದ ಮೇಲೆ ಸೈನ್ಯದ ಒಂದು ವಿಶೇಷ ದಳ ಬೀಡುಬಿಟ್ಟಿದೆ. ಅದರ ಹೆಸರು ಪೇಟೆಯಲ್ಲಿ ಯಾರೂ ಹೇಳುವುದಿಲ್ಲ, "ಗುಡ್ಡದವರು" ಅಂದರೆ ಸಾಕು. ಅವರ ಸಮವಸ್ತ್ರ ಸರಿಪಡಿಸುವ ಕೆಲಸ ನನ್ನದು. ಬೇರೆ ಸಿಪಾಯಿಗಳ ಎದೆಯ ಮೇಲೆ ಹೆಸರು ಹೊಲಿದಿರುತ್ತದೆ. ಇವರ ಅಂಗಿಗಳಲ್ಲಿ ಆ ಜಾಗದಲ್ಲಿ ಬರಿದೇ ಒಂದು ಅಂಟುಪಟ್ಟಿ, ಹೊರಡುವಾಗ ಹೆಸರನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಲು.

"ನನ್ನ ಬಾಗಿಲಿಗೆ ಯಾರೋ ಒಂದು ಹಲಗೆ ತೂಗುಹಾಕಿದ್ದಾರೆ. ಅದೇನು?" ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು.

ಪಾಪ, ಉತ್ತರದವರು, ಗೊತ್ತಿರಲಿಲ್ಲ. "ಗುಡಿಸುವ ವಾರದ ಹಲಗೆ," ಅಂದೆ. "ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಎಲ್ಲ ಅವರ ಪಾಲಿನದು. ಶನಿವಾರ ಸಂಜೆಯೊಳಗೆ ಮುಗಿಸಿ ಹಲಗೆನ ಮುಂದಿನವರ ಬಾಗಿಲಿಗೆ ಹಾಕಬೇಕು."

"ಕೊಳೆ ಇಲ್ಲದಿದ್ದರೆ?"

"ಇಲ್ಲದಿದ್ದರೂ."

"ಯಾರೂ ನೋಡದಿದ್ದರೆ?"

ನಾನು ಬೆರಳೆತ್ತಿ ಮೇಲಕ್ಕೆ ತೋರಿಸಿದೆ. ಅವರು ದೇವರೆಂದು ತಿಳಿದರೋ ಏನೋ. ನಾನು ತೋರಿಸಿದ್ದು ಮೊದಲ ಮಹಡಿಯ ಫ್ರಾವ್ ಬಿಟ್ಸರ್ ಅವರನ್ನು.

ಹಿನ್ನೆರ್ಕ್ ಲ್ಯೂಡರ್ಸ್ ಅವರದು ನೆನಪಿನಲ್ಲಿ ನಿಲ್ಲದ ಮುಖ. ಹತ್ತು ವರ್ಷ ದಿನವೂ ನೋಡಿದ ಮೇಲೂ ಕಣ್ಣು ಮುಚ್ಚಿದರೆ ಮೂಗು ಚೂಪೋ ಮೊಂಡೋ ಹೇಳಲು ಆಗುತ್ತಿರಲಿಲ್ಲ. ಆದರೆ ಅವರ ಕಂದು ಬಣ್ಣದ ಕಾರ್ಡುರಾಯ್ ಕೋಟನ್ನು ನೂರು ಕೋಟುಗಳ ನಡುವೆ ಗುರುತಿಸಬಲ್ಲೆ. ಅದರ ಬಲಜೇಬಿನ ಅಸ್ತರನ್ನು ನಾನು ಒಟ್ಟು ಹದಿನೇಳು ಸಲ ಬದಲಾಯಿಸಿದ್ದೇನೆ. ಎಡಜೇಬು ಕೊನೆಯವರೆಗೂ ಹೊಸದರಂತೆಯೇ ಇತ್ತು. ಮೊದಲ ಕೆಲವು ವರ್ಷ ನನಗೆ ಇದು ಬಿಡಿಸದ ಒಗಟಾಗಿತ್ತು. ಆಮೇಲೊಂದು ದಿನ ಅವರು ಬೀದಿ ದಾಟುವುದನ್ನು ಕಿಟಕಿಯಿಂದ ನೋಡಿ ಅರ್ಥವಾಯಿತು. ಬೀಗದ ಕೈಗಳ ಗೊಂಚಲು ಸದ್ದು ಮಾಡಬಾರದೆಂದು ಅದನ್ನು ಜೇಬಿನೊಳಗೆ ಮುಷ್ಟಿಯಲ್ಲಿ ಬಿಗಿಹಿಡಿದು ನಡೆಯುತ್ತಿದ್ದರು. ರೊಟ್ಟಿ ತರಲು ಹೋಗುವಾಗಲೂ ಹಾಗೆಯೇ. ಹೆಜ್ಜೆಯಿಡುವಾಗ ಹಿಮ್ಮಡಿ ಮೊದಲು ಊರುತ್ತಿರಲಿಲ್ಲ. ಪಾದದ ಹೊರ ಅಂಚಿನಿಂದ ನೆಲವನ್ನು ಕೇಳಿ, ಅದು ಒಪ್ಪಿದ ಮೇಲೆ ಭಾರ ಬಿಡುತ್ತಿದ್ದರು. ನನ್ನ ಅಡುಗೆಮನೆಗೆ ಬಂದರೆ ಕುರ್ಚಿಯನ್ನು ಒಂದು ಗೇಣು ತಿರುಗಿಸಿ, ಬೆನ್ನಿಗೆ ಗೋಡೆ, ಕಣ್ಣಿಗೆ ಬಾಗಿಲು ಬರುವಂತೆ ಕೂರುತ್ತಿದ್ದರು; ಎದ್ದು ಹೋಗುವಾಗ ಆ ಗೇಣನ್ನು ಮರೆಯದೆ ಹಿಂದಕ್ಕೆ ಕೊಡುತ್ತಿದ್ದರು.

ಮಾತು ಅತಿ ಸ್ವಲ್ಪ. ಅದರಲ್ಲೂ ಅರ್ಧದಷ್ಟು ಒಂದೇ ಪದ. ಎಲ್ಲಿದ್ದಿರಿ ಇಷ್ಟು ದಿನ ಎಂದು ಯಾರು ಕೇಳಿದರೂ, "ಹೊರಗಿದ್ದೆ" ಅನ್ನುವರು. ಮೂರು ದಿನಕ್ಕೂ ಹೊರಗಿದ್ದೆ, ಐದು ತಿಂಗಳಿಗೂ ಹೊರಗಿದ್ದೆ. ಒಂದು ಫೆಬ್ರವರಿಯಲ್ಲಿ, ಕಾಲುದಾರಿಯ ಮೇಲೆ ಮಂಡಿಯುದ್ದ ಹಿಮ ಬಿದ್ದಿದ್ದಾಗ, ಮೂಗಿನ ತುದಿಯ ಚರ್ಮ ಬಿಸಿಲಿಗೆ ಸುಲಿದುಕೊಂಡು ಮರಳಿ ಬಂದರು. ಫ್ರಾವ್ ಬಿಟ್ಸರ್ ಮೆಟ್ಟಿಲಲ್ಲೇ ಅಡ್ಡಗಟ್ಟಿದರು.

"ಏನು ಹೆರ್ ಲ್ಯೂಡರ್ಸ್, ಫೆಬ್ರವರಿಯಲ್ಲಿ ಮೂಗು ಸುಡೋ ಹೊರಗು ಯಾವುದು? ನಮಗೂ ಹೇಳಿ, ನನ್ನ ಮಂಡಿನೋವಿಗೆ ಒಳ್ಳೆಯದು."

"ಹೊರಗೇ," ಅಂದರು ಇವರು, ಮೂಗು ಮುಟ್ಟಿಕೊಂಡು.

ಮದುವೆಯಾಗಿತ್ತಂತೆ, ಎರಡು ವರ್ಷ. ಆ ಹೆಂಗಸಿನ ಮೇಲೆ ನನಗೆ ಸಿಟ್ಟಿಲ್ಲ. ಒಂದು ಪದದ ಜೊತೆ ಎಷ್ಟು ದಿನ ಸಂಸಾರ ಮಾಡಲಾದೀತು?

ಆದರೆ ಗುಡಿಸುವುದನ್ನು ಅವರು ಕಲಿತ ಪರಿ ನೋಡಬೇಕಿತ್ತು. ಮೇಲಿನ ಮೆಟ್ಟಿಲಿನಿಂದ ಹಿಮ್ಮುಖವಾಗಿ ಇಳಿಯುತ್ತ, ಪ್ರತಿ ಹಲಗೆಯ ಮೂಲೆಗೆ ಬಣ್ಣ ಬಳಿಯುವ ಸಣ್ಣ ಕುಂಚ ಹಾಕಿ ಧೂಳನ್ನು ಎಳೆದುಕೊಳ್ಳುತ್ತ, ಕಳೆದುಹೋದ ಏನನ್ನೋ ಹುಡುಕುವವರಂತೆ ಗುಡಿಸುತ್ತಿದ್ದರು. ಫ್ರಾವ್ ಬಿಟ್ಸರ್ ಬಿಳಿ ಕರವಸ್ತ್ರದಿಂದ ಕಟಕಟೆಯ ಕೆಳಗೆಲ್ಲ ಒರೆಸಿ ನೋಡಿ, ಕರವಸ್ತ್ರ ಬಿಳಿಯಾಗಿಯೇ ಉಳಿದದ್ದಕ್ಕೆ ಒಂದು ದಿನವೆಲ್ಲ ಬೇಸರದಿಂದಿದ್ದರು.

ಎಡವಿದ್ದೂ ಇಲ್ಲೇ. ಈ ದಳದವರು ಎಲ್ಲಿಗೆ, ಯಾವಾಗ ಹೊರಡುತ್ತಾರೆಂಬುದನ್ನು ಹೆತ್ತ ತಾಯಿಗೂ ಹೇಳಬಾರದೆಂಬ ನಿಯಮ. ಲ್ಯೂಡರ್ಸ್ ಆ ನಿಯಮವನ್ನು ಉಸಿರಿನಂತೆ ಪಾಲಿಸಿದವರು. ಆದರೆ ತಾವು ಇಲ್ಲದಾಗ ತಮ್ಮ ವಾರ ಬಂದರೆ ಇನ್ನೊಬ್ಬರು ಗುಡಿಸಬೇಕಾದೀತಲ್ಲ? ಅದು ಅವರಿಗೆ ಸಹ್ಯವಾಗಲಿಲ್ಲ. ಹಾಗಾಗಿ ಕರೆ ಬಂದ ಕೂಡಲೇ, ಯಾರ ವಾರವೆಂದು ನೋಡದೆ, ಹೊರಡುವ ಮುನ್ನ ತಮ್ಮ ಪಾಲನ್ನು ಮುಂಗಡವಾಗಿ ಗುಡಿಸಿಬಿಡುತ್ತಿದ್ದರು. ಬುಧವಾರ ಹಗಲು ಹನ್ನೊಂದಕ್ಕೆ ಪೊರಕೆಯ ಸದ್ದು ಕೇಳಿತೆಂದರೆ, ಫ್ರಾವ್ ಬಿಟ್ಸರ್ ಕಟಕಟೆಯ ಮೇಲಿಂದ ಬಗ್ಗಿ ನನ್ನನ್ನು ಕೂಗುತ್ತಿದ್ದರು: "ಫ್ರಾವ್ ಎಪ್ಲೆ! ಕೇಳ್ತಾ? ನನ್ನ ವಾರದಲ್ಲಿ ಗುಡಿಸ್ತಿದ್ದಾರೆ. ಹೊರಟರು ಅಂತಲೇ ಲೆಕ್ಕ." ರೊಟ್ಟಿಯಂಗಡಿಯವಳು ಮರುದಿನ ಒಂದು ರೊಟ್ಟಿ ಕಡಿಮೆ ಸುಡುತ್ತಿದ್ದಳು. ದೇಶದ ರಕ್ಷಣಾ ಮಂತ್ರಾಲಯ ಬಚ್ಚಿಟ್ಟದ್ದನ್ನು ನಮ್ಮ ಬೀದಿ ಪೊರಕೆಯಿಂದ ತಿಳಿದುಕೊಳ್ಳುತ್ತಿತ್ತು.

ನಾಲ್ಕು ವರ್ಷ ತಡೆದು, ಒಂದು ದಿನ ನಾನೇ ಹೇಳಿದೆ. "ಹೆರ್ ಲ್ಯೂಡರ್ಸ್, ತಪ್ಪು ತಿಳೀಬೇಡಿ. ನೀವು ಹೊರಡೋ ಸುದ್ದಿ ಬೀದಿಗೆಲ್ಲ ಗೊತ್ತಾಗ್ತಿದೆ."

ಮುಖ ಬಿಳಿಚಿಕೊಂಡಿತು. "ಯಾರು ಹೇಳಿದ್ದು?"

"ನಿಮ್ಮ ಪೊರಕೆ."

ಆಮೇಲೆ ಭುಜಗಳು ಕುಲುಕತೊಡಗಿದವು. ಅದು ನಗು ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು, ಅದಕ್ಕೂ ಸದ್ದಿರಲಿಲ್ಲ.

ಇನ್ನು ಗುಡಿಸದೆ ಹೋಗುತ್ತಾರೆಂದುಕೊಂಡೆ. ಆ ಮನುಷ್ಯ ಮಾಡಿದ್ದೇ ಬೇರೆ. ಎಲ್ಲಿಗೂ ಹೋಗದ ದಿನಗಳಲ್ಲೂ, ಶತ್ರುವನ್ನು ದಾರಿ ತಪ್ಪಿಸುವ ಹಾಗೆ, ಮನಸ್ಸಿಗೆ ಬಂದಾಗ ಗುಡಿಸಲು ಶುರುಮಾಡಿದರು. ಕಣಿವೆಯಲ್ಲೇ ನಮ್ಮಷ್ಟು ಚೊಕ್ಕಟ ಮೆಟ್ಟಿಲು ಇನ್ನೊಂದಿರಲಿಲ್ಲ. "ಈ ಮನುಷ್ಯ ನನ್ನ ಪಾಲಿಗೆ ಧೂಳೇ ಉಳಿಸ್ತಿಲ್ಲ!" ಎಂದು ಫ್ರಾವ್ ಬಿಟ್ಸರ್ ಕಣ್ಣೀರು ಹಾಕುವುದೊಂದು ಬಾಕಿ. ಬೀದಿ ನಿಜಕ್ಕೂ ಮೋಸಹೋಯಿತು. ನಾನು ಹೋಗಲಿಲ್ಲ. ಸುಳ್ಳು ದಿನಗಳಲ್ಲಿ ಅವರು ಏಳನೆಯ ಮೆಟ್ಟಿಲನ್ನು ಒಂದು ಸಲ ಒರೆಸುತ್ತಿದ್ದರು. ನಿಜವಾಗಿ ಹೊರಡುವ ದಿನ ಎರಡು ಸಲ. ಅದನ್ನು ಮಾತ್ರ ನಾನು ಯಾರಿಗೂ, ಅವರಿಗೂ, ಹೇಳಲಿಲ್ಲ.

ಅವರಿಗೆ ಒಬ್ಬ ಗೆಳೆಯನಿದ್ದ, ಟಿಲ್ಮನ್ ಗ್ರೂಬೆ, ಅದೇ ದಳದವನು, ಮೋಸೆಲ್ ನದಿಯ ದ್ರಾಕ್ಷಿ ಸೀಮೆಯವನು. ಪ್ರತಿ ಡಿಸೆಂಬರಿನಲ್ಲಿ ತನ್ನ ಅಕ್ಕನ ತೋಟದ ವೈನ್ ಹೊತ್ತು ಬರುತ್ತಿದ್ದ. ಅವನು ಹತ್ತಿದರೆ ಏಳನೆಯ ಮೆಟ್ಟಿಲು ಕುಯ್ಯೋ ಎಂದು ಕಿರುಚುತ್ತಿತ್ತು, ಬೇಕೆಂದೇ ಅದರ ಮೇಲೆ ಎರಡು ಸಲ ಕುಣಿದು, "ಬಂದೆ ಫ್ರಾವ್ ಎಪ್ಲೆ, ಕಡುಬು ಇಳಿಸಿ!" ಎಂದು ಕೂಗುತ್ತಿದ್ದ. ನನ್ನ ಅಡುಗೆಮನೆಯಲ್ಲಿ ಕೂತು ಸಾರಿನಲ್ಲಿ ಅದ್ದಿದ ಮಾಂಸದ ಕಡುಬುಗಳನ್ನು ಎಂಟೋ ಒಂಬತ್ತೋ ತಿಂದು, ಬೆಲ್ಟು ಸಡಿಲಿಸಿ, ಗೆಳೆಯನನ್ನು ಛೇಡಿಸುತ್ತಿದ್ದ. ಇವರಿಗೆ "ಪೊರಕೆ" ಎಂಬ ಅಡ್ಡಹೆಸರಿಟ್ಟವನೂ ಅವನೇ.

"ಈ ಪೊರಕೆನ ನಾನು ನಾಲ್ಕು ತಾಸು ಬೆನ್ನ ಮೇಲೆ ಹೊತ್ತಿದ್ದೀನಿ, ಗೊತ್ತಾ ಫ್ರಾವ್ ಎಪ್ಲೆ? ತೊಡೆಯಲ್ಲಿ ಗುಂಡು. ಎಂಥಾ ಭಾರ ಅಂತೀರಿ! ಮೈ ಭಾರ ಅಲ್ಲ, ಹುಟ್ಟಿದಾಗಿಂದ ಆಡದೆ ಉಳಿಸಿಟ್ಟ ಮಾತೆಲ್ಲ ಒಳಗಿತ್ತಲ್ಲ, ಅದರ ಭಾರ!"

"ಎಲ್ಲಿ ಆಗಿದ್ದು?" ಎಂದೆ.

ಇಬ್ಬರೂ ಒಟ್ಟಿಗೆ, "ಹೊರಗೆ," ಅಂದರು. ಟಿಲ್ಮನ್ ಮೇಜು ಗುದ್ದಿ ನಕ್ಕ. ಇವರ ಭುಜಗಳು ಕುಲುಕಿದವು. ಲ್ಯೂಡರ್ಸ್ ಅವರು ಕುರ್ಚಿ ತಿರುಗಿಸದೆ, ಬಾಗಿಲಿಗೆ ಬೆನ್ನು ಹಾಕಿ ಕೂತದ್ದನ್ನು ನಾನು ಕಂಡದ್ದು ಟಿಲ್ಮನ್ ಎದುರಿಗಿದ್ದಾಗ ಮಾತ್ರ.

ಅವರು ಬಂದ ಹದಿಮೂರನೆಯ ವರ್ಷ, ನವೆಂಬರಿನ ಒಂದು ಸಂಜೆ, ಕಂದು ಕಾಗದದಲ್ಲಿ ಸುತ್ತಿದ ಗಂಟೊಂದನ್ನು ನನ್ನ ಮೇಜಿನ ಮೇಲಿಟ್ಟರು. ಬಿಚ್ಚಿದರೆ ಹಳೆಯ ಸೈನ್ಯದ ಮೇಲಂಗಿ, ಬೂದಿ ಬೆರೆತ ಹಸಿರು. ಬಲ ಎದೆಯ ಮೇಲೆ ರೆಕ್ಕೆ ಚಾಚಿದ ಹದ್ದು, ಅದರ ಉಗುರುಗಳಲ್ಲಿ ಕೊಕ್ಕೆಯ ಶಿಲುಬೆ. ಹಿಟ್ಲರನ ಸೈನ್ಯದ ಗುರುತು, ಈಗ ಈ ದೇಶದಲ್ಲಿ ಕಾನೂನು ನಿಷೇಧಿಸಿದ್ದು.

"ಟಿಲ್ಮನ್‌ದು," ಅಂದರು. "ಅವನ ತಾತನದಂತೆ. ಗುಡ್ಡದ ಮೇಲೆ ನಾವು ಕೂರುವ ಕೋಣೆಯ ಗೋಡೆಗೆ ಹಾಕಿದ್ದ. ಈಗ ಅಂಥದ್ದನ್ನೆಲ್ಲ ಇಳಿಸಬೇಕು ಅಂತ ಆಜ್ಞೆ ಬಂದಿದೆ. ಇದು ಮನೆತನದ ನೆನಪು, ತಾತ ಬಿಟ್ಟುಹೋದಾಗ ಹೇಗಿತ್ತೋ ಹಾಗೇ ಇದೆ ಅಂತಾನೆ." ತೋಳಿನ ಕಡೆ ಬೆರಳು ಮಾಡಿದರು. "ಹೊಸ ಹುಡುಗರು ಹೊರಡುವ ಮುಂಚೆ ಇದರ ತೋಳು ಮುಟ್ಟಿ ಹೋಗ್ತಾರೆ."

ನಾನು ಮೇಲಂಗಿಯನ್ನು ದೀಪದ ಕೆಳಗೆ ಎಳೆದುಕೊಂಡೆ.

"ಇದು ಹಳೆಯದು ತಾನೆ?" ಅಂದರು.

ಅವರಿಗೆ ಬೇಕಾದ ಉತ್ತರ ಯಾವುದೆಂದು ನನಗೆ ಗೊತ್ತಿತ್ತು. ಅದು ಬರೀ ತಾತನ ಹಳೆಯ ಬಟ್ಟೆಯಾದರೆ ಇಳಿಸಿ ಪೆಟ್ಟಿಗೆಗೆ ಹಾಕಿ ಎಲ್ಲವನ್ನೂ ಮರೆಯಬಹುದು. ಗೆಳೆಯ ಗೆಳೆಯನಾಗಿಯೇ ಉಳಿಯುತ್ತಾನೆ. ಕನ್ನಡಕ ಏರಿಸಿ, ಭೂತಗನ್ನಡಿ ಹಿಡಿದೆ.

"ಬಟ್ಟೆ ಹಳೆಯದು."

"ಹದ್ದು?"

"ಹದ್ದೂ ಹಳೆಯದೇ."

ಅವರ ಉಸಿರು ಕೆಳಗಿಳಿದದ್ದು ಕೇಳಿಸಿತು.

"ಆದರೆ ದಾರ ಹೊಸದು," ಅಂದೆ.

ಒಂದು ತುದಿಯನ್ನು ಅರ್ಧ ಬೆರಳಷ್ಟು ಬಿಚ್ಚಿ ಕತ್ತರಿಸಿ, ತಟ್ಟೆಯ ಮೇಲಿಟ್ಟು ಕಡ್ಡಿ ಗೀರಿದೆ. ಆ ಕಾಲದ ಹತ್ತಿ ದಾರವಾದರೆ ಉರಿದು ಬೂದಿಯಾಗಬೇಕು. ಇದು ಕುಗ್ಗಿ, ಕರಗಿ, ಸಾಸಿವೆಯಷ್ಟು ಕಪ್ಪು ಗುಂಡಾಗಿ ತಟ್ಟೆಗಂಟಿತು. ಇಂಥ ದಾರ ನಮ್ಮೂರಿಗೆ ಬಂದದ್ದೇ ನನ್ನ ಮದುವೆಯಾದ ಮೇಲೆ. ಹದ್ದಿನ ಅಂಚೆತ್ತಿ ಕೆಳಗೆ ತೋರಿಸಿದೆ. ಅಲ್ಲಿ ಸೂಜಿಯ ತೂತುಗಳ ಸಾಲು ಎರಡಿದ್ದವು. ಒಂದರಲ್ಲಿ ಹೊಸ ದಾರ, ಇನ್ನೊಂದು ಖಾಲಿ.

"ನನಗೆ ಐದು ವರ್ಷ ಆಗಿದ್ದಾಗ ಚಿಕ್ಕಪ್ಪ ಗೊಟ್ಲೋಬ್ ಒಂದು ತೋಳು ಕಳಕೊಂಡು ಯುದ್ಧದಿಂದ ಬಂದ," ಅಂದೆ. "ತೊಡಲು ಬಟ್ಟೆಯಿರಲಿಲ್ಲ. ಅಮ್ಮ ಅವನ ಇಂಥದ್ದೇ ಮೇಲಂಗಿಯಿಂದ ಹದ್ದು ಕಿತ್ತುಹಾಕಿ, ಕತ್ತರಿಸಿ ನನಗೊಂದು ಅಂಗಿ ಹೊಲಿದಳು. ಹದ್ದಿದ್ದ ಕಡೆ ಬಟ್ಟೆ ಮಾಸಿರಲಿಲ್ಲ. ಎರಡು ಚಳಿಗಾಲ ನನ್ನ ಎದೆ ಮೇಲೆ ಒಂದು ಹಕ್ಕಿಯ ನೆರಳಿತ್ತು. ಇಲ್ಲಿ ನೋಡಿ, ನೆರಳಿಲ್ಲ. ಅಡಿಯಲ್ಲೂ ಸುತ್ತಲೂ ಒಂದೇ ಬಣ್ಣ. ಅಂದರೆ ತಾತ ಇದನ್ನ ಕಿತ್ತಿದ್ದಾರೆ. ಕಿತ್ತ ಮೇಲೂ ವರ್ಷಗಟ್ಟಲೆ, ತೋಟದ ಕೆಲಸಕ್ಕೋ ಏನಕ್ಕೋ, ತೊಟ್ಟಿದ್ದಾರೆ. ನೆರಳೂ ಅಳಿಸಿಹೋಗುವಷ್ಟು ಬಿಸಿಲು ಕಂಡಿದೆ. ಆಮೇಲೆ ಯಾರೋ ಎತ್ತಿಟ್ಟಿದ್ದ ಹದ್ದನ್ನ ಮತ್ತೆ ಹೊಲಿದಿದ್ದಾರೆ."

"ಯಾವಾಗ?"

"ದಾರದ ಹೊಳಪು ಇನ್ನೂ ಹೋಗಿಲ್ಲ. ಹತ್ತು ವರ್ಷದೊಳಗೆ."

"ಖಚಿತವಾ?" ಅಂದರು. ಹೌದೆಂದೆ. ಸ್ವಲ್ಪ ಹೊತ್ತಿಗೆ ಮತ್ತೆ, "ಖಚಿತವಾ, ಫ್ರಾವ್ ಎಪ್ಲೆ?" ಮೂರನೆಯ ಸಲ ಕೇಳಿದಾಗ ನಾನು ತಟ್ಟೆಯ ಮೇಲಿನ ಕಪ್ಪು ಗುಂಡನ್ನು ಬೆರಳಿನಿಂದ ತೋರಿಸಿದೆ. ತಾತ ಕಿತ್ತದ್ದನ್ನು ಮೊಮ್ಮಗ ಕೂತು ಮರಳಿ ಹೊಲಿದಿದ್ದ. ಹೊಲಿಗೆಯೂ ಅಚ್ಚುಕಟ್ಟಾಗಿತ್ತು, ಪ್ರೀತಿಯಿಂದ ಹಾಕಿದ ಹೊಲಿಗೆ. ನನಗೆ ಭಯವಾದದ್ದು ಅದನ್ನು ಕಂಡು.

ಅವರು ಮೇಲಂಗಿಯನ್ನು ಮತ್ತೆ ಕಾಗದದಲ್ಲಿ ಸುತ್ತಿದರು. ಕೊನೆಗೆ, "ಸೈನ್ಯಕ್ಕೆ ಸೇರಿದ ಮೊದಲ ವಾರವೇ ನಮಗೆ ಹೇಳಿಕೊಡ್ತಾರೆ, ಮನುಷ್ಯತ್ವಕ್ಕೆ ವಿರುದ್ಧವಾದ ಆಜ್ಞೆ ಪಾಲಿಸಬಾರದು ಅಂತ. ಮೇಲಿನವನು ತಪ್ಪಿದರೆ ಏನು ಮಾಡಬೇಕೋ ನನಗೆ ಗೊತ್ತು. ಬೆನ್ನ ಮೇಲೆ ಹೊತ್ತವನು ತಪ್ಪಿದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಲಿಲ್ಲ," ಅಂದರು. ಅವರ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು ಅದು.

"ಸುಮ್ಮನಿದ್ದುಬಿಟ್ಟರೆ?" ಎಂದೆ.

"ಸುಮ್ಮನಿರೋದು ನನಗೆ ಚೆನ್ನಾಗಿ ಬರುತ್ತೆ. ಅದೇ ತೊಂದರೆ."

ಚಿಕ್ಕಪ್ಪ ಗೊಟ್ಲೋಬ್ ಯುದ್ಧದಿಂದ ಬಂದ ಮೇಲೆ ಮೂವತ್ತು ವರ್ಷ ಬದುಕಿದ್ದ. ಯುದ್ಧದಲ್ಲಿ ಏನು ಮಾಡಿದೆಯಪ್ಪಾ ಎಂದು ಯಾರು ಕೇಳಿದರೂ, "ಹೇಳಿದ್ರು, ಮಾಡಿದ್ವಿ" ಅನ್ನುತ್ತಿದ್ದ. ಅದರ ಮುಂದಕ್ಕೆ ಒಂದಕ್ಷರವಿಲ್ಲ. ಅವನ ಆ ಎರಡು ಪದದ ಕೆಳಗೆ ಏನಿತ್ತೆಂದು ನಾವು ಯಾರೂ ಅಂಚೆತ್ತಿ ನೋಡಲಿಲ್ಲ. ಇದನ್ನು ನಾನು ಲ್ಯೂಡರ್ಸ್ ಅವರಿಗೆ ಅಂದು ಹೇಳಿದೆ. ಹೇಳಿದ್ದು ಸರಿಯೋ ತಪ್ಪೋ, ಇಂದಿಗೂ ತೂಗುತ್ತಿದ್ದೇನೆ.

ಕಂಡದ್ದನ್ನು ಕಾಗದದಲ್ಲಿ ಬರೆದುಕೊಡಿ ಎಂದರು. ನಾಲ್ಕು ಸಾಲು. ಅಕ್ಷರ ನನಗೆ ಸೂಜಿಯಷ್ಟು ಒಲಿದದ್ದಲ್ಲ. ಮಾರನೆಯ ದಿನ ಮಧ್ಯಾಹ್ನವೆಲ್ಲ ಹಿಡಿಯಿತು. ಮೇಲಧಿಕಾರಿಗೆ ಕೊಡುವ ಮುನ್ನ ಅವರು ಮೊದಲು ಹೋದದ್ದು ಟಿಲ್ಮನ್ ಹತ್ತಿರ. ಅಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಎರಡೇ ವಾಕ್ಯದಲ್ಲಿ. "'ನಾನು ನಿನ್ನ ಹೊತ್ತು ತಂದೆ, ನೀನು ನನ್ನ ಬೀಳಿಸ್ತೀಯಾ?' ಅಂದ. ಹೌದು ಅಂದೆ."

ಟಿಲ್ಮನ್‌ನನ್ನು ಸೈನ್ಯದಿಂದ ಕಳಿಸಿದರು. ಇವರನ್ನು ಯಾರೂ ಕಳಿಸಲಿಲ್ಲ. ಎಲ್ಲಿಗೂ ಕಳಿಸಲಿಲ್ಲ, ಅಷ್ಟೆ. ಉಗ್ರಾಣದ ಉಸ್ತುವಾರಿಗೆ ಹಾಕಿದರು. ನನ್ನ ಬಳಿ ಬಟ್ಟೆ ಕೊಡುತ್ತಿದ್ದ ಗುಡ್ಡದವರಲ್ಲಿ ನಾಲ್ವರು ಬರುವುದನ್ನು ಬಿಟ್ಟರು. ಇವರು ರೊಟ್ಟಿಯಂಗಡಿಗೆ ಹೊಕ್ಕರೆ ಕೆಲವರು ಅರ್ಧ ಕುಡಿದ ಕಾಫಿ ಬಿಟ್ಟು ಎದ್ದುಹೋಗುತ್ತಿದ್ದರು. ಗೆಳೆಯ ಅಕ್ಕರೆಯಿಂದ ಇಟ್ಟ ಅಡ್ಡಹೆಸರು ಈಗ ಬೆನ್ನ ಹಿಂದೆ ಬೇರೆ ದನಿಯಲ್ಲಿ ಕೇಳಿಸತೊಡಗಿತು. "ಪೊರಕೆ ಬಂತು, ಕಾಲೆತ್ತಿರೋ, ನಮ್ಮನ್ನೂ ಗುಡಿಸೀತು." ಇವರು ತಿರುಗಿ ನೋಡುತ್ತಿರಲಿಲ್ಲ. ರೊಟ್ಟಿ ತಗೊಂಡು, ಬಲಗೈ ಜೇಬಿಗಿಟ್ಟು, ಸದ್ದಿಲ್ಲದೆ ಮನೆಗೆ ಬರುತ್ತಿದ್ದರು.

ಮನೆಗೆ ಸಂಗತಿ ಗೊತ್ತಾದದ್ದು ಎಂದಿನಂತೆ ಮೆಟ್ಟಿಲಿನಿಂದ. ಒಂದು ಶನಿವಾರ ಫ್ರಾವ್ ಬಿಟ್ಸರ್ ಕೆಳಗಿಳಿದು ಬಂದು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು: "ಮೂರು ತಿಂಗಳಾಯ್ತು, ಹೆರ್ ಲ್ಯೂಡರ್ಸ್ ತಮ್ಮ ವಾರದಲ್ಲಷ್ಟೇ ಗುಡಿಸ್ತಿದ್ದಾರೆ. ಒಂದು ದಿನ ಮುಂಚೆ ಇಲ್ಲ, ಒಂದು ದಿನ ಹೆಚ್ಚಿಲ್ಲ. ಏನಾಗಿದೆ ಆ ಮನುಷ್ಯನಿಗೆ?"

ನಾನು ಹೇಳಿದೆ. ಅವರು ಕುರ್ಚಿಯಲ್ಲಿ ಕುಸಿದು ಎಲ್ಲವನ್ನೂ ಕೇಳಿಸಿಕೊಂಡರು. ಮರುದಿನ ಲ್ಯೂಡರ್ಸ್ ಅವರ ಬಾಗಿಲ ಮುಂದೆ ಒಂದು ಇಡೀ ತಟ್ಟೆ ಪ್ಲಮ್ ಹಣ್ಣಿನ ಕೇಕು, ಅದರ ಮೇಲೊಂದು ಚೀಟಿ: "ಕಾಲುದಾರಿಯ ಎಡಮೂಲೆಯಲ್ಲಿ ಎರಡು ಎಲೆ ಉಳಿದಿವೆ." ಅವರು ಮೊದಲು ಇಳಿದು ಆ ಎರಡು ಎಲೆ ಎತ್ತಿ, ಆಮೇಲೆ ಕೇಕು ತಿಂದರು.

ಹೀಗೆ ಎಂಟು ವರ್ಷ ಉಗ್ರಾಣದಲ್ಲಿ ಕಳೆದು ನಿವೃತ್ತರಾದರು. ಡಿಸೆಂಬರ್ ಬಂದಾಗಲೆಲ್ಲ ನಾನು ಕಡುಬು ಮಾಡಿ ಕರೆಯುತ್ತಿದ್ದೆ. ಬಂದು, ಕುರ್ಚಿಯನ್ನು ಒಂದು ಗೇಣು ತಿರುಗಿಸಿ ಕೂತು, ನಾಲ್ಕು ತಿಂದು, ಗೇಣನ್ನು ಹಿಂದಕ್ಕೆ ಕೊಟ್ಟು ಹೋಗುತ್ತಿದ್ದರು. ಟಿಲ್ಮನ್ ಹೆಸರು ಆ ಮೇಜಿನ ಮೇಲೆ ಒಮ್ಮೆಯೂ ಬರಲಿಲ್ಲ. ಅವರು ಪ್ರತಿ ವರ್ಷ ಅವನಿಗೊಂದು ಕಾಗದ ಬರೆಯುತ್ತಿದ್ದರೆಂದೂ, ಅದು ಒಡೆಯದೆ ಹಿಂದಿರುಗುತ್ತಿತ್ತೆಂದೂ ಅಂಚೆಯವನಿಂದ ತಿಳಿದಿತ್ತು. ಒಂದು ಸಲ ಮಾತ್ರ ತಡೆಯಲಾರದೆ ಕೇಳಿದೆ, ನನ್ನಿಂದ ಹೀಗಾಯಿತೆಂದು ಬೇಸರವೇ ಎಂದು.

"ನೀವು ದಾರ ನೋಡಿದಿರಿ," ಅಂದರು. "ನಾನು ತೋಳು ಮುಟ್ಟೋ ಹುಡುಗರನ್ನ ನೋಡಿದ್ದೆ, ಎರಡು ವರ್ಷ. ನಿಮಗಿಂತ ಮೊದಲೇ."

ಕಳೆದ ಮಾರ್ಚಿನಲ್ಲಿ ಮೋಸೆಲ್‌ನಿಂದ ಟಿಲ್ಮನ್‌ನ ಅಕ್ಕ ಗೇಸಾ ಬರೆದ ಕಾಗದ ಬಂತು. ತಮ್ಮನಿಗೆ ಶ್ವಾಸಕೋಶದ ಕಾಯಿಲೆ, ಬೇಸಿಗೆ ನೋಡುವುದು ಕಷ್ಟ. ಅವನು ನಿಮ್ಮನ್ನು ಕರೆದಿಲ್ಲ, ನಾನು ಸುಮ್ಮನೆ ತಿಳಿಸುತ್ತಿದ್ದೇನೆ ಎಂದಿತ್ತಂತೆ. ಲ್ಯೂಡರ್ಸ್ ಮಾರನೆಯ ದಿನವೇ ಹೊರಟರು. ಮರಳಿ ಬರಲಿಲ್ಲ. ಅಲ್ಲಿಗೆ ಹೋದ ಎಂಟನೆಯ ದಿನ, ಗೇಸಾ ಅವರ ಅಂಗಳದಲ್ಲಿ ಒಲೆಗೆ ಕಟ್ಟಿಗೆ ಕೊಯ್ಯುತ್ತಿದ್ದಾಗ, ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಐವತ್ತೆಂಟು ವಯಸ್ಸು.

ಗ್ರಹಚಾರದ ಲೆಕ್ಕ ನೋಡಿ, ಸಾಯುವವನು ಇವರನ್ನು ಕಳಿಸಿ ಉಳಿದ. ಗೇಸಾ ಫೋನಿನಲ್ಲಿ ಹೇಳಿದರು: ಮೊದಲ ದಿನ ಟಿಲ್ಮನ್ ಗೋಡೆಗೆ ಮುಖ ಮಾಡಿ ಮಲಗಿದ್ದನಂತೆ. ಇವರು ಮಾತಾಡಿಸದೆ, ಬಾಗಿಲಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತಿದ್ದರಂತೆ. ಎರಡನೆಯ ದಿನವೂ ಅಷ್ಟೆ. ಮೂರನೆಯ ದಿನ ಟಿಲ್ಮನ್ ಗೋಡೆಗೇ ಹೇಳಿದನಂತೆ, "ಕೂತು ಕೂತು ಏನು ಮಾಡ್ತೀಯೋ ಪೊರಕೆ, ಇಸ್ಪೀಟು ತಾ." ಅಂದಿನಿಂದ ಮೂವರೂ ದಿನಾ ಸಂಜೆ ಆಡಿದರು. ಮೇಲಂಗಿಯ ಮಾತು ಯಾರೂ ಎತ್ತಲಿಲ್ಲ. ಕ್ಷಮಿಸಿದನೋ, ತಪ್ಪೊಪ್ಪಿದನೋ, ಗೇಸಾಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಂಗಳದಲ್ಲಿ ಇವರು ಬಿದ್ದದ್ದನ್ನು ಕಿಟಕಿಯಿಂದ ಕಂಡವನು ಟಿಲ್ಮನ್. ಹಾಸಿಗೆಯಿಂದೆದ್ದು ಬಾಗಿಲವರೆಗೆ ಬಂದು ಅಲ್ಲೇ ಬಿದ್ದಿದ್ದನಂತೆ. ಆಮೇಲೆ ಆಡಿದ ಮಾತು ಒಂದೇ: "ಈ ಸಲ ಹೊರೋಕೆ ಆಗಲಿಲ್ಲ."

ಸಿಪಾಯಿಗಳನ್ನು ಧೀರರೆಂದು ಹೊಗಳುವವರನ್ನೂ ಕೊಲೆಗಡುಕರೆಂದು ತೆಗಳುವವರನ್ನೂ ಈ ದೇಶದಲ್ಲಿ ಬೇಕಾದಷ್ಟು ಕೇಳಿದ್ದೇನೆ. ನಾನು ಬಟ್ಟೆಯ ಒಳಮಗ್ಗುಲು ನೋಡಿ ಬದುಕಿದವಳು. ನನಗೆ ಕಂಡದ್ದು ಇಷ್ಟೆ. ಚಿಕ್ಕಪ್ಪ ಗೊಟ್ಲೋಬನ ತಲೆಮಾರು ತನ್ನ ಪಾಲಿನ ಕಸವನ್ನು ಮೆಟ್ಟಿಲ ಮೇಲೆಯೇ ಬಿಟ್ಟುಹೋಯಿತು. ಗುಡಿಸಿದವರು ನಾವು ಹೆಂಗಸರು ಮಕ್ಕಳು, ಅದೂ ಪೂರ್ತಿ ಹೋಗಲಿಲ್ಲ. ಲ್ಯೂಡರ್ಸ್ ಅವರಂಥವರು ಅದನ್ನು ಕಂಡು ಬೆಳೆದವರು. ತಮ್ಮದನ್ನು ತಾವೇ, ಅದೂ ಹೊರಡುವ ಮುನ್ನವೇ, ಮೂಲೆಗೆ ಕುಂಚ ಹಾಕಿ ತೆಗೆದು ಹೋಗಬೇಕೆಂಬ ಹಠ ಅವರದು. ಈ ಹಠ ದೊಡ್ಡದು, ಆದರೆ ಒಂಟಿಯದು. ತಮ್ಮ ಪಾಲನ್ನು ಯಾರಿಗೂ ಉಳಿಸದೆ ಹೋಗುವವರು ಯಾರ ಮನೆಯ ಬಾಗಿಲನ್ನೂ ತಟ್ಟದೆಯೇ ಹೋಗಿಬಿಡುತ್ತಾರೆ. ಸದ್ದಿಲ್ಲದೆ ನಡೆಯುವುದು, ನೋವಿಗೆ ಬಾಯಿ ಬಿಡದಿರುವುದು, ಬೇಕಾದರೆ ಗೆಳೆತನವನ್ನೇ ಕೊಟ್ಟುಬಿಡುವುದು, ಇವೆಲ್ಲ ಅವರಿಗೆ ಬರುತ್ತವೆ. ಇನ್ನೊಬ್ಬರನ್ನು ಒಂದು ಸಣ್ಣ ಉಪಕಾರ ಕೇಳುವುದು ಬರುವುದಿಲ್ಲ. ಅದನ್ನು ಕಲಿಯಲು ಅವರಿಗೆ ಒಂದು ಜೀವಮಾನವೇ ಹಿಡಿಯುತ್ತದೆ.

ಅವರು ಹೊರಟ ದಿನದ್ದನ್ನು ಕೊನೆಗೆಂದು ಇಟ್ಟುಕೊಂಡಿದ್ದೇನೆ. ಗುರುವಾರ, ಬೆಳಗಿನ ಹತ್ತು ಗಂಟೆ. ಕೋಟೊಂದಕ್ಕೆ ಗುಂಡಿ ಹೊಲಿಯುತ್ತ ಕೂತಿದ್ದೆ. ಏಳನೆಯ ಮೆಟ್ಟಿಲು ಕಿರುಗುಟ್ಟಿತು. ಆ ಸದ್ದು ನನ್ನ ಲೆಕ್ಕದಲ್ಲಿ ಯಾರದೂ ಅಲ್ಲ. ಅಂಚೆಯವನದಲ್ಲ, ಫ್ರಾವ್ ಬಿಟ್ಸರ್ ಅವರದಲ್ಲ. ಯಾರೋ ಹೊಸಬರೆಂದು ತಲೆಯೆತ್ತಿದರೆ, ಬಾಗಿಲಲ್ಲಿ ಕಂದು ಕೋಟು ತೊಟ್ಟ ಲ್ಯೂಡರ್ಸ್. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಗುಡಿಸುವ ವಾರದ ಹಲಗೆ. ಬೀಗದ ಕೈಗಳು ಜೇಬಿನಲ್ಲಿ ತಮ್ಮ ಪಾಡಿಗೆ ತಾವು ಗಲಗಲ ಎನ್ನುತ್ತಿದ್ದವು. ಅವರ ಹಿಂದಿನ ಮೆಟ್ಟಿಲುಗಳ ಮೇಲೆ ವಾರದ ಧೂಳು ಹಾಗೇ ಬಿದ್ದಿತ್ತು.

"ಮೋಯ್ನ್," ಅಂದರು. "ಮೋಸೆಲ್‌ಗೆ ಹೋಗ್ತಿದ್ದೀನಿ, ಫ್ರಾವ್ ಎಪ್ಲೆ. ಟಿಲ್ಮನ್ ಮನೆಗೆ. ಹತ್ತೂ ಐವತ್ತರ ರೈಲು."

ಇಪ್ಪತ್ತಾರು ವರ್ಷಗಳಲ್ಲಿ ಅವರು ಎಲ್ಲಿಗೆ ಹೋಗುತ್ತಿದ್ದೇನೆಂದು ಹೇಳಿದ್ದು ಅದೇ ಮೊದಲು. ಚೀಲ ಕೆಳಗಿಟ್ಟು, ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, ದಾರಿ ತಪ್ಪಿದವರು ವಿಳಾಸ ಕೇಳುವ ಹಾಗೆ ಸಂಕೋಚದಿಂದ ನನ್ನ ಕಡೆ ಚಾಚಿ, ಕೇಳಿದರು:

"ಈ ವಾರ ನಂದು ನೀವು ಗುಡಿಸ್ತೀರಾ?"